ಬೋಟಿನ ತಳಕ್ಕೆ ಸತುವಿನ ಗಟ್ಟಿ: ನನ್ನ ಅನುಭವ

ಕಾರವಾರದ ಬೈತಖೋಲ್ ಬಂದರಿನಲ್ಲಿ ಕಬ್ಬಿಣದ ಟ್ರಾಲ್ ಬೋಟುಗಳ ತಳ ದುರಸ್ತಿ ಮಾಡುತ್ತ ಬಂದಿರುವ ನನಗೆ, ಸತುವಿನ ಗಟ್ಟಿ ಕೂರಿಸಿ ತುಕ್ಕು ತಡೆಯುವ ಕೆಲಸ ಕೈಹತ್ತಲು ಮೂರು ಹಂಗಾಮು ಬೇಕಾಯಿತು. ಉಪ್ಪುನೀರಿನಲ್ಲಿ ಕಬ್ಬಿಣದ ಬದಲು ಸತುವೇ ಸವೆದು ತಳವನ್ನು ಉಳಿಸುತ್ತದೆ. "ಕರಗಿ ಹೋಗುವ ವಸ್ತುವಿಗೆ ದುಡ್ಡು ಸುರಿಯುವ ಬದಲು ಇನ್ನೊಂದು ಕೈ ಬಣ್ಣ ಹೊಡೆಯಿರಿ" ಎಂದು ಮಾಲೀಕರೂ ಬೋಟು ನಡೆಸುವ ತಾಂಡೇಲರೂ ಮೊದಲೇ ಹೇಳಿದ್ದರು.

ಮೊದಲ ವರ್ಷದ ತಪ್ಪು ನನ್ನದೇ. ಸಿದ್ಧ ಗಟ್ಟಿ ಕಿಲೋಗೆ ಸುಮಾರು 400 ರೂಪಾಯಿ ಇದ್ದುದರಿಂದ, ಅದರ ಅರ್ಧ ಬೆಲೆಗೆ ಗುಜರಿ ಸತು ತಂದು, ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ತಲಾ 5 ಕಿಲೋದ 8 ಗಟ್ಟಿಗಳನ್ನು ಎರಕ ಹೊಯ್ದೆ. ಜೂನ್ 1ರಿಂದ 61 ದಿನಗಳ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟನ್ನು ಮೇಲಕ್ಕೆಳೆದಾಗ ಅವು ಹಾಕಿದ ಹಾಗೆಯೇ ಇದ್ದವು. ಮಾಲು ಒಳ್ಳೆಯದೆಂದು ಎಲ್ಲರೂ ಹೊಗಳಿದರು. ನನ್ನ ಎದೆ ಮಾತ್ರ ಧಸಕ್ಕೆಂದಿತು, ಏಕೆಂದರೆ ಸವೆಯದ ಸತು ಕೆಲಸ ಮಾಡಿಲ್ಲವೆಂದೇ ಅರ್ಥ. ಉಳಿಯಿಂದ ಕೆರೆದರೆ ಮೇಲೆ ಗಾರೆಯಂಥ ಬಿಳಿ ಪದರ, ಅದರಡಿ ಹೊಸ ಲೋಹದ ಹೊಳಪು. ಬೋಟನ್ನು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಪಕ್ಕದ 6 ಮಿಲಿಮೀಟರ್ ಪ್ಲೇಟಿನಲ್ಲಾದರೋ ಹೆಸರುಕಾಳು ಕೂರುವಷ್ಟು ಗುಳಿಗಳು. ಬಾಣಲೆಯ ಕಬ್ಬಿಣ ಸತುವಿಗೆ ಇಳಿದಿತ್ತು. ಶೇಕಡಾ 0.005ಕ್ಕಿಂತ ಹೆಚ್ಚು ಕಬ್ಬಿಣ ಸೇರಿದ ಸತು ಹೀಗೆ ಚಿಪ್ಪು ಕಟ್ಟಿಕೊಂಡು ಸುಮ್ಮನಾಗಿಬಿಡುತ್ತದೆ. ಪ್ಲೇಟು ಬದಲಿಸಲು 70 ಸಾವಿರದಷ್ಟು ಹೋಯಿತು. ಅರ್ಧ ನಾನೇ ಕೊಟ್ಟೆ.

ಎರಡನೆಯ ವರ್ಷ ಸಿದ್ಧ ಗಟ್ಟಿ ತಂದೆ, ಆದರೆ ತಳದ ಜೊತೆಗೆ ಅವಕ್ಕೂ ಬಣ್ಣ ಬಳಿದುದು ನನಗೆ ತಿಳಿಯಲೇ ಇಲ್ಲ. ಬಣ್ಣ ಮುಚ್ಚಿದ ಸತು ನೀರಿಗೆ ತಾಗದೆ ಕೆಲಸ ಮಾಡುವುದಿಲ್ಲ.

ಮೂರನೆಯ ವರ್ಷ ಗಟ್ಟಿಯನ್ನು ಬೋಲ್ಟಿನಿಂದ ಬಿಗಿಯುವ ಸಹವಾಸ ಬಿಟ್ಟು, ಗಟ್ಟಿಯೊಳಗಿನ ಕಬ್ಬಿಣದ ಪಟ್ಟಿಯನ್ನೇ ತಳಕ್ಕೆ ವೆಲ್ಡ್ ಮಾಡಿದೆ. ಬಣ್ಣದ ದಿನ ಪ್ರತಿಯೊಂದಕ್ಕೂ ಕಾಗದ ಅಂಟಿಸಿ ಪಕ್ಕದಲ್ಲೇ ನಿಂತೆ. ಬೋಟು ನೀರಿಗಿಳಿದು ವಾರವಾದ ಮೇಲೆ, ಶುದ್ಧ ಸತುವಿನ ತುಂಡೊಂದನ್ನು ತಂತಿಗೆ ಕಟ್ಟಿ ನೀರಿಗೆ ಬಿಟ್ಟು, ಮಲ್ಟಿಮೀಟರಿನ ಇನ್ನೊಂದು ತುದಿಯನ್ನು ಬೋಟಿನ ಬರಿ ಕಬ್ಬಿಣಕ್ಕೆ ಒತ್ತಿದೆ. ಗಟ್ಟಿಯಿಲ್ಲದ ಪಕ್ಕದ ಬೋಟು 0.4 ವೋಲ್ಟ್ ತೋರಿಸಿದರೆ ನಮ್ಮದು 0.2ರ ಆಸುಪಾಸಿನಲ್ಲಿ ನಿಂತಿತು, 0.25ಕ್ಕಿಂತ ಕೆಳಗಿದ್ದರೆ ತಳ ಕ್ಷೇಮ. ಈ ಬಂದರಿನಲ್ಲಿ ಅಳೆದು ತೋರಿಸಿ ಗಟ್ಟಿ ಕೂರಿಸಿದವರನ್ನು ನಾನಂತೂ ಅದುವರೆಗೆ ಕಂಡಿರಲಿಲ್ಲ. ಫ್ಯಾನನ್ನು ತಿರುಗಿಸುವ ಶಾಫ್ಟಿಗೂ ರಕ್ಷಣೆ ಸಿಗಲೆಂದು, ತಿರುಗುವಾಗಲೂ ವಿದ್ಯುತ್ ಸಂಪರ್ಕ ಬಿಡದ ಬ್ರಷ್ ತಾಗಿಸಿ ತಳಕ್ಕೆ ಜೋಡಿಸಿದ್ದೇನೆ. ಅದಕ್ಕೆ ಎಣ್ಣೆ ಹಿಡಿಯದಂತೆ ಮಾಡಿಕೊಂಡ ಏರ್ಪಾಟನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಕೋಡಿಬಾಗದಲ್ಲಿ, ಕಾಳಿ ನದಿಗೆ ಎರಡು ಕಬ್ಬಿಣದ ತುಂಡುಗಳನ್ನು ಇಳಿಬಿಟ್ಟು, ಒಂದಕ್ಕೆ ಸತು, ಇನ್ನೊಂದಕ್ಕೆ ಅಲ್ಯೂಮಿನಿಯಂ ಗಟ್ಟಿ ಕಟ್ಟಿ ನೋಡಿದೆ. ಮಳೆಗಾಲದಲ್ಲಿ ಉಪ್ಪು ಇಳಿದ ನೀರಿನಲ್ಲಿ ಸತು ಕಟ್ಟಿದ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯಿತು, ಅಲ್ಯೂಮಿನಿಯಂ ಸ್ವಲ್ಪ ವಾಸಿ. ನದಿಯಲ್ಲಿ ಬೋಟು ಕಟ್ಟುವವರು ಇದನ್ನು ಗಮನಿಸಬೇಕು.

ಕಳೆದ ಜೂನ್‌ನಲ್ಲಿ ಮೀನು ತೂಗುವ ತಕ್ಕಡಿಗೇ ಹಾಕಿ ನೋಡಿದಾಗ, 40 ಕಿಲೋ ಸತು 24ರ ಸುಮಾರಿಗೆ ಇಳಿದಿತ್ತು. ಪ್ಲೇಟಿನಲ್ಲಿ ಹೊಸ ಗುಳಿ ಒಂದೂ ಇರಲಿಲ್ಲ. ಫ್ಯಾನಿನ ಬಳಿಯ ಎರಡು ಗಟ್ಟಿಗಳು ಉಳಿದವುಗಳಿಗಿಂತ ದುಪ್ಪಟ್ಟು ಸವೆದಿದ್ದರಿಂದ ಅವೆರಡನ್ನು ಮಾತ್ರ ಬದಲಿಸಿ ಬೋಟನ್ನು ಮತ್ತೆ ನೀರಿಗಿಳಿಸಿದೆವು.