ಸಕ್ಕರೆ ನಾಡಿನಲ್ಲಿ ಸಕ್ಕರೆ ಇಲ್ಲದ ಸೇಬಿನ ಸರಿ

ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ಆರು ತಿಂಗಳು ತುಂಬಿದ ವಾರದಿಂದ ಅವಳಿಗೆ ಮನೆಯಲ್ಲೇ ಸೇಬು ಬೇಯಿಸಿ, ಮಸೆದು ಕೊಡುತ್ತಾ ಬಂದಿದ್ದೇನೆ. ಇದನ್ನು ಕೆಲವರು ಆಪಲ್ ಸಾಸ್ ಅಂತಾರೆ, ಕೆಲವರು ಆಪಲ್ ಪ್ಯೂರಿ ಅಂತಾರೆ. ರಾಗಿ ಸರಿ ಇದ್ದ ಹಾಗೆ ಇದೂ ಒಂದು ಸರಿ ಅಂದುಕೊಂಡು ನಮ್ಮ ಅತ್ತೆ ‘ಸೇಬಿನ ಸರಿ’ ಅಂದರು. ಮನೆಯಲ್ಲಿ ಅದೇ ಹೆಸರು ಉಳಿಯಿತು.

ನಾವಿರುವುದು ಮಂಡ್ಯದಲ್ಲಿ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು. ಮಾವನವರ ಹಳ್ಳಿ ಪಾಂಡವಪುರದ ಕಡೆ. ಅಲ್ಲಿ ನಮ್ಮದೇ ಒಂದು ಸಣ್ಣ ಆಲೆಮನೆ ಇದೆ. ಮಗು ನೋಡಲು ಬಂದವರೆಲ್ಲ ಅವಳ ನಾಲಿಗೆಗೆ ಒಂದು ಚೂರು ಸಿಹಿ ಮುಟ್ಟಿಸಲು ನೋಡಿದವರೇ. ಅದು ಪ್ರೀತಿ, ನನಗೆ ಗೊತ್ತು. ಆದರೆ ಎರಡು ವರ್ಷ ತುಂಬುವವರೆಗೆ ಸಕ್ಕರೆ ಬೇಡ, ಬೆಲ್ಲವೂ ಬೇಡ ಅಂತ ಮಕ್ಕಳ ಡಾಕ್ಟರು ಹೇಳಿದ್ದರು. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಜಾಸ್ತಿ ಇರುವ ತಿನಿಸು ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಮಗುವಿನ ಹೊಟ್ಟೆ ಎಷ್ಟಿರುತ್ತೆ ಹೇಳಿ. ಅಷ್ಟು ಜಾಗದಲ್ಲಿ ಸಕ್ಕರೆ ಕೂತರೆ ಬೇಳೆಗೆ, ಮೊಟ್ಟೆಗೆ, ಸೊಪ್ಪಿಗೆ ಜಾಗ ಎಲ್ಲಿ? ಹಲ್ಲು ಬರುವ ವಯಸ್ಸು ಬೇರೆ. ಸಿಹಿ ಇಲ್ಲದಿದ್ದರೆ ಬಾಯಿ ತೆರೆಯದ ಮಕ್ಕಳನ್ನೂ ನೆಂಟರ ಮನೆಗಳಲ್ಲಿ ನೋಡಿದ್ದೇನೆ. ಬೆಲ್ಲ ಒಳ್ಳೆಯದು, ಅದು ಸಕ್ಕರೆಯಲ್ಲ ಅನ್ನುವ ಮಾತು ನಮ್ಮ ಕಡೆ ಬಹಳ. ಅದರಲ್ಲಿ ಒಂದಿಷ್ಟು ಖನಿಜ ಇರಬಹುದು, ಆದರೂ ಬೆಲ್ಲದ ಬಹುಪಾಲು ಸಕ್ಕರೆಯೇ. ಇನ್ನು ಜೇನುತುಪ್ಪವನ್ನಂತೂ ಒಂದು ವರ್ಷದೊಳಗೆ ಮುಟ್ಟಿಸಲೇಬಾರದು. ಅದರಲ್ಲಿ ಕೆಲವು ಸಲ ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತೆ. ದೊಡ್ಡವರಿಗೆ ಅದು ಏನೂ ಮಾಡದಿರಬಹುದು, ಕೂಸಿಗೆ ಅಪಾಯ.

ಮೊದಲ ಸಲ ನಾನು ಮಾಡಿದ್ದು ಪೂರ್ತಿ ಕೆಟ್ಟಿತು. ಎರಡು ಸೇಬಿನ ಸಿಪ್ಪೆ ತೆಗೆದು ಹೆಚ್ಚಿ, ಒಂದು ದೊಡ್ಡ ಲೋಟ ನೀರು ಹಾಕಿ ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಗಂಜಿಯಂಥ ನೀರಿನಲ್ಲಿ ಹೋಳುಗಳು ಕರಗಿ ತೇಲುತ್ತಿದ್ದವು. ನೀರು ಬಸಿದು ಮಿಕ್ಸಿಗೆ ಹಾಕಿದೆ. ನಾಲಿಗೆಗೆ ಇಟ್ಟು ನೋಡಿದರೆ ಸಪ್ಪೆ. ಸೇಬು ಅಂತ ಗೊತ್ತಾಗುವುದೂ ಕಷ್ಟ. ಇದಕ್ಕೆ ಒಂದು ಚಮಚ ಸಕ್ಕರೆ ಹಾಕದೆ ಮಗು ಹೇಗೆ ತಿಂದೀತು ಅಂತ ನನಗೇ ಅನ್ನಿಸಿತು. ಅಡುಗೆಮನೆಯಲ್ಲಿ ಬಟ್ಟಲು ಹಿಡಿದುಕೊಂಡು ಸುಮ್ನೆ ನಿಂತಿದ್ದೆ.

ಮಾವ ನೀರು ಕುಡಿಯಲು ಒಳಗೆ ಬಂದವರು ಕೇಳಿದರು. ಹೇಳಿದೆ. ಬಟ್ಟಲಿಗೆ ಬೆರಳು ಅದ್ದಿ ರುಚಿ ನೋಡಿದರು.

‘ಇಷ್ಟೊಂದ್ ನೀರ್ ಸುರ್ದು ಸಪ್ಪೆ ಅಂದ್ರೆ ಹೆಂಗವ್ವ? ಕಬ್ಬಿನ್ ಹಾಲ್ಗೆ ಯಾರಾದ್ರೂ ನೀರ್ ಸೇರುಸ್ತಾರಾ? ಹಣ್ಣಲ್ಲೇ ಬೇಕಾದಷ್ಟು ನೀರದೆ. ಅದ್ನ ಕಳೀಬೇಕು ಕಣವ್ವ, ಕೂಡೋದಲ್ಲ.’

ನನ್ನ ಸೇಬಿನ ಸರಿ ನಿಂತಿರುವುದು ಆ ಮಾತಿನ ಮೇಲೆ. ನಲವತ್ತು ವರ್ಷ ಕೊಪ್ಪರಿಗೆ ಮುಂದೆ ನಿಂತು ಬೆಲ್ಲದ ಹದ ನೋಡಿದವರು ಅವರು. ಹತ್ತು ಕೆಜಿ ಕಬ್ಬು ಅರೆದರೆ ಕೈಗೆ ಬರುವುದು ಹೆಚ್ಚುಕಮ್ಮಿ ಒಂದು ಕೆಜಿ ಬೆಲ್ಲ. ಉಳಿದದ್ದರಲ್ಲಿ ಸಿಪ್ಪೆ ಬಿಟ್ಟರೆ ಎಲ್ಲ ನೀರೇ. ಸೇಬಿನ ಲೆಕ್ಕವೂ ಹಾಗೇ ಇದೆ. 100 ಗ್ರಾಂ ಸೇಬಿನಲ್ಲಿ ಸುಮಾರು 85 ಗ್ರಾಂ ನೀರು, 10 ಗ್ರಾಂನಷ್ಟು ಹಣ್ಣಿನದೇ ಸಕ್ಕರೆ. ನಾನು ಅದಕ್ಕೆ ಮತ್ತೊಂದು ಲೋಟ ನೀರು ಹಾಕಿದ್ದೆ. ಬೆಂದಾಗ ಸಿಹಿಯೆಲ್ಲ ಆ ನೀರಿಗೆ ಇಳಿಯಿತು. ಆಮೇಲೆ ಅದನ್ನೇ ಬಸಿದು ಚೆಲ್ಲಿದೆ. ಸಪ್ಪೆಯಾಗದೆ ಇನ್ನೇನಾಗುತ್ತೆ?

ಮರುದಿನವೇ ಇಡ್ಲಿ ಪಾತ್ರೆ ತೆಗೆದೆ. ಇವತ್ತಿಗೂ ಅದೇ ಕ್ರಮ. ಒಂದು ಕೆಜಿ ಅಂದರೆ ಐದಾರು ಸೇಬು. ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯುತ್ತೇನೆ. ಹೊಳಪಿಗೆ ಅಂತ ಎಷ್ಟೋ ಹಣ್ಣಿಗೆ ಮೇಣ ಹಚ್ಚಿರುತ್ತಾರೆ. ಮೇಲಿನ ಸ್ಟಿಕ್ಕರಿನ ಅಂಟೂ ಹೋಗಬೇಕು. ಸಿಪ್ಪೆ ಪೀಲರಿನಲ್ಲಿ ತೆಗೆದು, ನಾಲ್ಕು ಭಾಗ ಮಾಡಿ, ನಡುವಿನ ಗಟ್ಟಿ ಭಾಗ, ಬೀಜ, ತೊಟ್ಟಿನ ಹತ್ತಿರದ ಗುಳಿ ಎಲ್ಲ ಕೆತ್ತಿ ಹಾಕುತ್ತೇನೆ. ಬೀಜ ಒಂದೂ ಉಳಿಯಬಾರದು. ಅರೆದಾಗ ಸಯನೈಡ್ ಬಿಡುಗಡೆಯಾಗುವ ಅಂಶ ಅದರಲ್ಲಿ ಇರುತ್ತೆ. ಎಷ್ಟೇ ಕಮ್ಮಿಯಿದ್ದರೂ ಕೂಸಿನ ಬಟ್ಟಲಿಗೆ ಯಾಕೆ ಬೇಕು? ನಾಲ್ಕೂ ಹೋಳನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿಯೇ ಹೆಚ್ಚುವುದು. ಸಿಪ್ಪೆ ಪಕ್ಕದ ಮನೆಯ ಹಸುವಿಗೆ ಹೋಗುತ್ತೆ.

ಹೋಳುಗಳನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣಗೆ ಹೆಚ್ಚಿ ಸ್ಟೀಲ್ ಬಟ್ಟಲಿಗೆ ಹಾಕಿ. ನೀರು ಒಂದು ಹನಿಯೂ ಬೇಡ. ಇಡ್ಲಿ ಪಾತ್ರೆಯ ತಳದ ನೀರು ಕುದಿ ಬಂದ ಮೇಲೆ ಬಟ್ಟಲು ಇಟ್ಟು, ಅದರ ಮೇಲೊಂದು ಚಿಕ್ಕ ತಟ್ಟೆ ಮುಚ್ಚಿ. ಈ ತಟ್ಟೆ ಮರೆಯಬೇಡಿ. ಇಲ್ಲದಿದ್ದರೆ ಪಾತ್ರೆಯ ಮುಚ್ಚಳದಿಂದ ಹಬೆ ನೀರು ಹನಿ ಹನಿಯಾಗಿ ಸೇಬಿನೊಳಗೆ ಬೀಳುತ್ತೆ, ಕಳೆಯಬೇಕಾದ ನೀರು ಮತ್ತೆ ಕೂಡುತ್ತೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ ಹೋಳುಗಳು ಗಾಜಿನ ಹಾಗೆ ಆಗಿರುತ್ತವೆ. ಚಮಚದ ಬೆನ್ನಿನಿಂದ ಒತ್ತಿದರೆ ಬಿಟ್ಟುಕೊಳ್ಳಬೇಕು. ಬಟ್ಟಲಿನ ತಳದಲ್ಲಿ ಎರಡು ಮೂರು ಚಮಚ ತಿಳಿ ಚಿನ್ನದ ಬಣ್ಣದ ರಸ ನಿಂತಿರುತ್ತೆ. ಅದನ್ನು ಚೆಲ್ಲಬೇಡಿ. ಬಟ್ಟಲಿನಲ್ಲಿ ಅತಿ ಸಿಹಿಯಾದ ಭಾಗ ಅದೇ.

ಬಿಸಿಯಿರುವಾಗಲೇ ಸೊಪ್ಪು ಮಸೆಯುವ ಕೋಲಿನಿಂದ ಮಸೆದು, ರಸದ ಸಮೇತ ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸುತ್ತೇನೆ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆದರೆ ಆ ಗೆರೆ ನಿಧಾನವಾಗಿ ಮುಚ್ಚಿಕೊಳ್ಳಬೇಕು. ಅಷ್ಟೇ ಹದ. ಒಂದು ಕೆಜಿ ಹಣ್ಣಿಗೆ ನನಗೆ 650 ಗ್ರಾಂ ಆಸುಪಾಸು ಸರಿ ಸಿಗುತ್ತೆ. ಇನ್ನೂ ಕಾಯಿಸಿದರೆ ಜಾಮ್ ಆಗುತ್ತೆ. ಅಷ್ಟು ಗಟ್ಟಿ ಮಾಡಿದರೆ ಮಗು ಒಂದೇ ಚಮಚದಲ್ಲಿ ಮೂರು ಚಮಚದ ಸಿಹಿ ತಿಂದ ಹಾಗಾಗುತ್ತೆ. ಬೆಲ್ಲದ ಹದದವರೆಗೆ ಹೋಗುವುದು ಬೇಡ ಅಂತ ಮಾವನಿಗೂ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ಹಣ್ಣು ಯಾವುದು ಅನ್ನುವುದೂ ಮುಖ್ಯ. ಹಸಿರು ಸೇಬು ಹುಳಿ, ಅದರಲ್ಲಿ ಮಾಡಿದರೆ ಮತ್ತೆ ಸಕ್ಕರೆ ನೆನಪಾಗುತ್ತೆ. ಪೇಟೆ ಬೀದಿಯಲ್ಲಿ ನಮಗೆ ಸುಲಭವಾಗಿ ಸಿಗುವುದು ಕೆಂಪು ಡೆಲಿಷಿಯಸ್ ಮತ್ತು ಗಾಲಾ. ಹಿಮಾಚಲದ ಹಣ್ಣು ಮಳೆಗಾಲದ ಕೊನೆಗೆ ಬರುತ್ತೆ, ಕಾಶ್ಮೀರದ್ದು ದಸರಾ ದೀಪಾವಳಿ ಹೊತ್ತಿಗೆ ರಾಶಿ ಬೀಳುತ್ತೆ. ಆಗ ರುಚಿಯೂ ಚೆನ್ನ, ಬೆಲೆಯೂ ಇಳಿದಿರುತ್ತೆ. ಬೇಸಿಗೆಯಲ್ಲಿ ಸಿಗುವುದು ಕೋಲ್ಡ್ ಸ್ಟೋರೇಜಿನದ್ದು, ಇಲ್ಲಾ ಹೊರದೇಶದ್ದು. ಒಮ್ಮೆ ಮೈಸೂರಿಗೆ ಹೋದಾಗ ದೇವರಾಜ ಮಾರುಕಟ್ಟೆಯಲ್ಲಿ ಹಳದಿ ಬಣ್ಣದ ಗೋಲ್ಡನ್ ಡೆಲಿಷಿಯಸ್ ಸಿಕ್ಕಿತು. ಅದು ಹತ್ತೇ ನಿಮಿಷಕ್ಕೆ ಬೆಂದು ತಾನಾಗಿ ಕರಗಿತು, ಮಸೆಯುವ ಕೆಲಸವೇ ಇರಲಿಲ್ಲ. ಅಷ್ಟು ಚೆಂದದ ಸರಿ ನಾನು ಇನ್ನೊಮ್ಮೆ ಮಾಡಿಲ್ಲ. ಕಚ್ಚಿದರೆ ಹಿಟ್ಟು ಹಿಟ್ಟಾಗಿ ಸಿಗುವ ಸೇಬನ್ನು ದೊಡ್ಡವರು ಇಷ್ಟಪಡಲ್ಲ, ಅಲ್ವಾ? ಸರಿಗೆ ಅದು ಬಹಳ ಒಳ್ಳೆಯದು. ಕೊಳೆತ ಭಾಗ ಇದ್ದರೆ ಮಾತ್ರ ಆ ಹಣ್ಣನ್ನೇ ಬಿಟ್ಟುಬಿಡಿ, ಕೆತ್ತಿ ಉಳಿಸಲು ನೋಡಬೇಡಿ.

ಹೆಚ್ಚಿದ ಸೇಬು ಕಂದು ಬಣ್ಣಕ್ಕೆ ತಿರುಗುವುದನ್ನು ತೋರಿಸಿ ಅತ್ತೆ, ‘ನೋಡು, ಎಷ್ಟು ಕಬ್ಬಿಣ ಇದೆ’ ಅನ್ನುತ್ತಿದ್ದರು. ನನ್ನ ತಾಯಿಯೂ ಹಾಗೇ ಹೇಳುತ್ತಿದ್ದರು. ಕಾರಣ ಅದಲ್ಲ. ಹಣ್ಣಿನೊಳಗಿನ ಒಂದು ಕಿಣ್ವ ಗಾಳಿ ತಾಗಿದಾಗ ಮಾಡುವ ಕೆಲಸ ಅದು, ಬೆಂದ ಮೇಲೆ ನಿಲ್ಲುತ್ತೆ. ಸೇಬಿನಲ್ಲಿ ಕಬ್ಬಿಣ ಬಹಳ ಕಮ್ಮಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಆರು ತಿಂಗಳ ನಂತರ ಮಗುವಿಗೆ ಕಬ್ಬಿಣ ಬೇಕೇ ಬೇಕು. ಸೇಬು ಕೊಟ್ಟೆವು, ಆಯಿತು ಅಂದುಕೊಂಡರೆ ಅದು ಸಿಗಲ್ಲ. ಬೇಳೆ, ಕಾಳು, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮಾಂಸ ಎಲ್ಲ ಬೇರೆಯಾಗಿ ಕೊಡಬೇಕು.

ಶುರುವಿನಲ್ಲಿ ಒಂದೇ ಚಮಚ ಕೊಟ್ಟೆ. ಮೊದಲ ತಿಂಗಳು ಟೀ ಸೋಸುವ ಜಾಲರಿಯಲ್ಲಿ ಒತ್ತಿ ನುಣ್ಣಗೆ ಮಾಡುತ್ತಿದ್ದೆ. ಎಂಟು ತಿಂಗಳಾದ ಮೇಲೆ ಜಾಲರಿ ಬಿಟ್ಟು ಬರೀ ಮಸೆದದ್ದು, ಹತ್ತಕ್ಕೆ ಅಲ್ಲಲ್ಲಿ ಮೆತ್ತನೆ ಹೋಳು. ನುಣ್ಣಗಿನದಕ್ಕೇ ತುಂಬ ದಿನ ಅಂಟಿಕೊಂಡರೆ ಮಗು ಅಗಿಯುವುದನ್ನು ಕಲಿಯುವುದು ತಡವಾಗುತ್ತೆ. ಹಸಿ ಸೇಬಿನ ಗಟ್ಟಿ ಹೋಳನ್ನು ಮಾತ್ರ ಇನ್ನೂ ಕೊಟ್ಟಿಲ್ಲ. ಗಂಟಲಿಗೆ ಸಿಕ್ಕಿಕೊಳ್ಳುವ ತಿನಿಸುಗಳಲ್ಲಿ ಅದೂ ಒಂದು.

ಒಂದು ಕಡೆ ಎಡವಿದೆ. ಇಷ್ಟಪಟ್ಟು ತಿನ್ನುತ್ತಾಳೆ ಅಂತ ಒಂದು ವಾರ ದಿನಕ್ಕೆ ಎರಡು ಸಲ ಇದನ್ನೇ ಕೊಟ್ಟೆ. ನಾಲ್ಕನೇ ದಿನಕ್ಕೆ ಮಲ ಗಟ್ಟಿಯಾಗಿ, ಮುಖ ಕೆಂಪಗೆ ಮಾಡಿಕೊಂಡು ಮುಕ್ಕುರಿದು ಅತ್ತಳು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸೇಬಿನಲ್ಲಿರುವ ಪೆಕ್ಟಿನ್ ಅನ್ನುವ ನಾರಿನಂಶ ಕೆಲವು ಮಕ್ಕಳಿಗೆ ಹಾಗೆ ಮಾಡುತ್ತೆ ಅಂತ ಡಾಕ್ಟರು ಹೇಳಿದರು. ಸೇಬು ನಿಲ್ಲಿಸಿ ಪರಂಗಿ ಹಣ್ಣು ಮಸೆದು ಕೊಟ್ಟು, ಊಟದ ಜೊತೆ ನಾಲ್ಕು ಗುಟುಕು ನೀರು ಕುಡಿಸಿದೆ. ಎರಡು ದಿನಕ್ಕೆ ಸರಿಹೋಯಿತು. ಆಮೇಲೆ ವಾರದಲ್ಲಿ ಮೂರು ದಿನ ಸೇಬು, ಉಳಿದ ದಿನ ಬಾಳೆಹಣ್ಣು, ಪರಂಗಿ, ಸಪೋಟ ಅಂತ ಬದಲಿಸಿಕೊಂಡೆ.

ಮಾಡಿದ ಸರಿಯನ್ನು ಬೇಗ ತಣಿಸಿ ಫ್ರಿಜ್ಜಿಗೆ ಇಡುತ್ತೇನೆ. ಎರಡು ದಿನಕ್ಕಿಂತ ಜಾಸ್ತಿ ಇಡಲ್ಲ, ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುತ್ತೆ. ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಡಬ್ಬಿಗೆ ಹಾಕಿ, ಮೇಲೆ ತಾರೀಖು ಬರೆದು ಒಂದು ತಿಂಗಳೊಳಗೆ ಮುಗಿಸುತ್ತೇನೆ. ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ ಆರಿಸಿ ಕೊಡುವುದು. ಮಗುವಿನ ಎಂಜಲು ಚಮಚ ತಾಗಿದ ಬಟ್ಟಲಿನದ್ದು ಮತ್ತೆ ಡಬ್ಬಿಗೆ ಹೋಗಬಾರದು. ಚಕ್ಕೆ ಹಾಕಬೇಕು ಅನ್ನಿಸಿದರೆ ಇಡೀ ಚಕ್ಕೆ ತಂದು ಮನೆಯಲ್ಲೇ ಪುಡಿ ಮಾಡಿ, ಒಂದು ಚಿಟಿಕೆ ಸಾಕು. 2023ರಲ್ಲಿ ಅಮೆರಿಕದಲ್ಲಿ ಚಕ್ಕೆ ಪುಡಿ ಬೆರೆಸಿದ ಕೆಲವು ಆಪಲ್ ಪ್ಯೂರಿ ಪೊಟ್ಟಣಗಳಲ್ಲಿ ಸೀಸ ಅನ್ನುವ ವಿಷದ ಲೋಹ ಸಿಕ್ಕಿ ವಾಪಸ್ ತರಿಸಿಕೊಂಡರು. ಅದನ್ನು ಓದಿದ ಮೇಲೆ ಪುಡಿ ಕೊಳ್ಳುವುದನ್ನೇ ಬಿಟ್ಟೆ.

ಇದರಿಂದ ನನಗಾದ ದೊಡ್ಡ ಉಪಕಾರ ರಾಗಿ ಸರಿಯಲ್ಲಿ. ನಮ್ಮ ಕಡೆ ಬೆಲ್ಲವಿಲ್ಲದೆ ರಾಗಿ ಸರಿ ಯಾರೂ ಮಾಡಲ್ಲ. ಬಟ್ಟೆಯಲ್ಲಿ ಸೋಸಿದ ಮೊಳಕೆ ರಾಗಿ ಹಿಟ್ಟನ್ನು ಬೇಯಿಸಿ, ಇಳಿಸಿದ ಮೇಲೆ ಎರಡು ಚಮಚ ಸೇಬಿನ ಸರಿ ಬೆರೆಸಿದೆ. ಅತ್ತೆ ರುಚಿ ನೋಡಿ, ‘ಬೆಲ್ಲ ಎಷ್ಟು ಹಾಕಿದೀಯ?’ ಅಂತ ಕೇಳಿದರು. ಹಾಕಿಲ್ಲ ಅಂದರೆ ನಂಬಲಿಲ್ಲ. ಮಾರನೆಯ ದಿನ ಒಲೆ ಪಕ್ಕ ನಿಂತು ನೋಡಿದರು. ಅದರ ಮರುದಿನ ಅವರೇ ಮಾಡಿದರು.

ಕಳೆದ ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೊಬ್ಬರು ಮಗಳ ಬಾಯಿಗೆ ಸಕ್ಕರೆ ಅಚ್ಚು ಇಡಲು ಬಗ್ಗಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಅಡ್ಡ ಕೈ ಹಿಡಿದು, ‘ಕೈಗೆ ಕೊಡವ್ವ, ಆಡ್ಕೊಳ್ಳಿ. ಅದ್ರ ಸೇಬಿನ್ ಸರಿ ಒಳ್ಗದೆ’ ಅಂದರು. ಅವಳು ಸಕ್ಕರೆಯ ಗಿಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಾವನ ತೊಡೆಯ ಮೇಲೆ ಕೂತಳು. ಮಾವ ಅವಳಿಗೆ ಬಟ್ಟಲು ತರಿಸಿ ತಿನ್ನಿಸಿದರು. ಬಟ್ಟಲು ಖಾಲಿಯಾಗುವ ಹೊತ್ತಿಗೆ ಗಿಳಿ ಬೆವರಿಗೆ ಕರಗಿ ಕೈಯೆಲ್ಲ ಅಂಟಾಗಿತ್ತು. ಒದ್ದೆ ಬಟ್ಟೆ ತಂದು ಒರೆಸಿದೆ.