ಪುಸ್ತಕದ ಪೂರ್ತಿ ಚರಿತ್ರೆ ಒಂದೇ ಫೈಲಿನಲ್ಲಿ

ಬಸವನಗುಡಿಯಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಹಕ್ಕುಸ್ವಾಮ್ಯ ಮುಗಿದ ಹಳೇ ಕನ್ನಡ ಪುಸ್ತಕಗಳನ್ನು ಟೈಪ್ ಮಾಡಿ ಕರಡು ತಿದ್ದುವುದು ಕೆಲಸ. ಯಾರು ಯಾವಾಗ ಏನು ತಿದ್ದಿದರು ಅನ್ನೋದು ಉಳಿಯಬೇಕು. ಫೈಲುಗಳ ಪ್ರತಿ ಆವೃತ್ತಿಯನ್ನೂ ಕಾಪಾಡುವ ಗಿಟ್ ಅನ್ನೋ ಪ್ರೋಗ್ರಾಮ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆಫೀಸಿನಲ್ಲಿ ದಿನಾ ಬಳಸುತ್ತೇನೆ. ಆದರೆ ನಮ್ಮ ಗುಂಪಿನಲ್ಲಿ ಜಾಸ್ತಿ ಇರುವವರು ನಿವೃತ್ತ ಮೇಷ್ಟ್ರುಗಳು. ಪುಸ್ತಕವನ್ನು ಪೆನ್‌ಡ್ರೈವಿಗೆ ಹಾಕಿ ಕೈಯಿಂದ ಕೈಗೆ ದಾಟಿಸುತ್ತಾರೆ. ಗಿಟ್ ಚರಿತ್ರೆ ಇಡುವುದು ನೂರಾರು ಚಿಕ್ಕ ಫೈಲುಗಳಿರುವ, ಅದೂ ಕಣ್ಣಿಗೆ ಕಾಣದ ಫೋಲ್ಡರಿನಲ್ಲಿ. ಅದು ಈ ಓಡಾಟದಲ್ಲಿ ಅರ್ಧಂಬರ್ಧ ಕಾಪಿಯಾಗುವುದು ಗ್ಯಾರಂಟಿ. ಅದಕ್ಕೇ ಪುಸ್ತಕ ಮತ್ತು ಅದರ ಚರಿತ್ರೆ ಎರಡೂ ಒಂದೇ ಫೈಲಿನಲ್ಲಿರುವ ಫಾರ್ಮ್ಯಾಟ್ ಒಂದನ್ನು ನಾನೇ ಬರೆದೆ.

ಮೂಲ ಐಡಿಯಾ ಗಿಟ್‌ನದೇ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಶುರುಮಾಡಿದಾಗಿನಿಂದ ಅದರಲ್ಲಿ ಪ್ರತಿ ವಸ್ತುವಿನ ಹೆಸರು ಅದರ ಒಳಗಿನ ಬೈಟ್‌ಗಳ ಹ್ಯಾಷ್, ಅಂದರೆ ಆ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಒಂದು ಸಂಖ್ಯೆ. ಹ್ಯಾಷ್ ತೆಗೆಯಲು ಗಿಟ್ ಶುರುವಿನಿಂದ ಬಳಸಿದ ಎಸ್‌ಎಚ್‌ಎ-1 ಎಂಬ ವಿಧಾನ ಬಿಟ್ಟು ನಾನು ಎಸ್‌ಎಚ್‌ಎ-256 ಹಿಡಿದೆ. 2017ರಲ್ಲಿ ಒಂದೇ ಎಸ್‌ಎಚ್‌ಎ-1 ಹ್ಯಾಷ್ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಸಂಶೋಧಕರು ತೋರಿಸಿ ಆಗಿದೆ, ಹೊಸದಾಗಿ ಬರೆಯುವಾಗ ಹಳೇದು ಯಾಕೆ? ಗಿಟ್ ಹ್ಯಾಷ್ ಹಾಕುವ ಮೊದಲು ವಸ್ತುವಿನ ಬಗೆ ಮತ್ತು ಅಳತೆಯನ್ನು ಮುಂದೆ ಅಂಟಿಸುತ್ತದೆ. ನಾನು ಅದನ್ನು ತೆಗೆದೆ. ಬರೀ ಪಠ್ಯದ ಹ್ಯಾಷ್ ಆದರೆ, ನನ್ನ ಪ್ರೋಗ್ರಾಮ್ ಇಲ್ಲದೆಯೂ ಯಾರು ಬೇಕಾದರೂ ಲೆಕ್ಕ ಹಾಕಿ ತಾಳೆ ನೋಡಬಹುದು.

ಕನ್ನಡದ ತಕರಾರು ಶುರುವಾಗುವುದು ಇಲ್ಲಿ. ‘ಕೋ’ ಅನ್ನುವುದನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಕ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ಓತ್ವವನ್ನು ಮೂರು ತುಂಡು ಮಾಡಿ ಒಟ್ಟು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಬೈಟ್‌ಗಳು ಬೇರೆ, ಹ್ಯಾಷೂ ಬೇರೆ. ಎಲ್ಲವನ್ನೂ ಮೊದಲೇ ಒಂದೇ ರೂಪಕ್ಕೆ ತಂದು ಇಟ್ಟುಬಿಡು ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಉಗ್ರಾಣದಲ್ಲಿ ಏನು ಇಟ್ಟಿರೋ ಅದೇ ವಾಪಸ್ ಬರಬೇಕು, ಒಂದು ಬೈಟ್ ಆಚೀಚೆ ಆಗಬಾರದು. ಒಂದೇ ರೂಪಕ್ಕೆ ತರುವ ಕೆಲಸ ಎರಡು ಆವೃತ್ತಿಗಳನ್ನು ಹೋಲಿಸುವಾಗ ಮಾತ್ರ ನಡೆಯುತ್ತದೆ.

ಫೈಲಿನ ರಚನೆ ಸರಳ. ಒಂದರ ಹಿಂದೆ ಒಂದು ದಾಖಲೆ. ಪ್ರತಿಯೊಂದರಲ್ಲೂ ಬಗೆ, ಉದ್ದ, ಹ್ಯಾಷ್, ಜಿಲಿಬ್ ಎಂಬ ತಂತ್ರಾಂಶದಿಂದ ಕುಗ್ಗಿಸಿದ ಪಠ್ಯ, ಕೊನೆಗೆ ದಾಖಲೆ ಹಾಳಾಗಿದೆಯೇ ಎಂದು ಪರೀಕ್ಷಿಸಲು ಸಿಆರ್‌ಸಿ-32 ಎಂಬ ತಾಳೆ ಸಂಖ್ಯೆ. ಬರೆದದ್ದನ್ನು ಎಂದೂ ತಿದ್ದುವುದಿಲ್ಲ, ಕೊನೆಗೆ ಸೇರಿಸುವುದಷ್ಟೇ. ಮಳೆ ಬಂದರೆ ಕರೆಂಟ್ ಹೋಗುವ ಊರು ನಮ್ಮದು. ಪೆನ್‌ಡ್ರೈವನ್ನು ಸುಮ್ನೆ ಎಳೆದುಕೊಳ್ಳುವವರೂ ಇದ್ದಾರೆ. ಅದಕ್ಕೆ ಮೊದಲು ಪಠ್ಯ ಬರೆದು ಎಫ್‌ಸಿಂಕ್ (ಬರೆದದ್ದನ್ನು ನಿಜಕ್ಕೂ ಡಿಸ್ಕಿಗೆ ಇಳಿಸು ಎಂಬ ಆಜ್ಞೆ), ಆಮೇಲೆ ಕಮಿಟ್ (ಆ ಆವೃತ್ತಿಯನ್ನು ಗುರುತಿಸುವ ದಾಖಲೆ) ಬರೆದು ಮತ್ತೊಮ್ಮೆ ಎಫ್‌ಸಿಂಕ್. ಮುಂದಿನ ಸಲ ತೆರೆದಾಗ ಕೊನೆಯ ಪೂರ್ತಿ ಕಮಿಟ್ ಆದಮೇಲೆ ಅರ್ಧ ಬರೆದ ಬಾಲ ಏನಾದರೂ ಕಂಡರೆ ಕತ್ತರಿಸುತ್ತದೆ. ಹುಡುಕಲು ಬೇಕಾದ ಇಂಡೆಕ್ಸ್ ಆಯಾ ಕಂಪ್ಯೂಟರಿನಲ್ಲೇ ಇರುತ್ತದೆ. ಹೋದರೆ ಮತ್ತೆ ಕಟ್ಟಿಕೊಂಡರಾಯಿತು.

ಪ್ರತಿ ಆವೃತ್ತಿಯನ್ನೂ ಪೂರ್ತಿ ಇಟ್ಟರೆ ಫೈಲ್ ಊದಿಕೊಳ್ಳುತ್ತದೆ. ವ್ಯತ್ಯಾಸ ಮಾತ್ರ ಇಡುವ ದಾರಿಗಳು ಹಳೆಯವು. ವಾಲ್ಟರ್ ಟಿಷಿಯವರ ಆರ್‌ಸಿಎಸ್ ಎಂಬ ಪ್ರೋಗ್ರಾಮ್ ಇತ್ತೀಚಿನ ಆವೃತ್ತಿಯನ್ನು ಪೂರ್ತಿ ಇಟ್ಟು, ಅಲ್ಲಿಂದ ವ್ಯತ್ಯಾಸ ಹಿಡಿದು ಹಿಂದಕ್ಕೆ ಹೋಗುತ್ತದೆ. ಓದಲು ವೇಗ, ಆದರೆ ಪ್ರತಿ ಸಲ ಹಳೆಯದನ್ನು ತಿರುಗಿ ಬರೆಯಬೇಕು. ನನ್ನ ಫೈಲಿಗೆ ಅದು ಆಗದು. ಮರ್ಕ್ಯುರಿಯಲ್ ಎಂಬ ಇನ್ನೊಂದು ಪ್ರೋಗ್ರಾಮಿನ ದಾರಿ ಹಿಡಿಸಿತು: ಮುಂದಕ್ಕೆ ವ್ಯತ್ಯಾಸಗಳ ಸರಪಳಿ, ನಡುನಡುವೆ ಒಂದು ಪೂರ್ತಿ ಪ್ರತಿ. ಪಠ್ಯವನ್ನು ಮರಳಿ ಕಟ್ಟಲು ಅದರ ಅಳತೆಯ ಎರಡರಷ್ಟಕ್ಕಿಂತ ಹೆಚ್ಚು ಓದಬೇಕಾಗಿ ಬಂದರೆ ಹೊಸ ಪೂರ್ತಿ ಪ್ರತಿ ಇಡು, ಇದು ನನ್ನ ನಿಯಮ.

ಸಾಲುಗಳ ಲೆಕ್ಕದ ವ್ಯತ್ಯಾಸ ಕೋಡ್‌ಗೆ ಸರಿ. ನಮ್ಮ ಫೈಲುಗಳಲ್ಲಿ ಇಡೀ ಪ್ಯಾರಾ ಒಂದೇ ಸಾಲು. ಒಂದು ಒತ್ತು ತಿದ್ದಿದರೆ ಪುಟದಷ್ಟು ಪಠ್ಯ ಮತ್ತೆ ಒಳಗೆ ಬರುತ್ತದೆ. ಹಾಗಾಗಿ ಬೈಟ್‌ಗಳ ಲೆಕ್ಕಕ್ಕೆ ಇಳಿದೆ: ಹಳೆಯದರಲ್ಲಿ ಇಲ್ಲಿಂದ ಇಷ್ಟು ನಕಲಿಸು, ಇಷ್ಟು ಹೊಸದು ಸೇರಿಸು. ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಹಾಗಾಗಿ ‘ಕ’ ಹೋಗಿ ‘ಗ’ ಬಂದರೆ ಬದಲಾಗುವುದು ಮೂರನೇ ಬೈಟ್ ಮಾತ್ರ. ಕತ್ತರಿ ಅಕ್ಷರದ ಹೊಟ್ಟೆಗೇ ಬೀಳುತ್ತದೆ! ಇಡುವುದಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಅದನ್ನೇ ಪರದೆ ಮೇಲೆ ತೋರಿಸಿದರೆ ಕಸ. ಅದಕ್ಕೇ ತೋರಿಸುವ ವ್ಯತ್ಯಾಸವನ್ನು ಎರಡೂ ಪೂರ್ತಿ ಪಠ್ಯಗಳಿಂದ ಹೊಸದಾಗಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ತೆಗೆಯುತ್ತೇನೆ. ‘ಕ್ಷ’ ಮೂರು ಸಂಕೇತ, ಒಂಬತ್ತು ಬೈಟ್. ಓದುವವರಿಗೆ ಅದು ಒಂದೇ ಅಕ್ಷರ ತಾನೇ?

ಸ್ಕ್ಯಾನ್ ಮಾಡಿದ ಪುಟಗಳ ಚಿತ್ರಗಳನ್ನು ಒಳಗೆ ಸೇರಿಸಿಲ್ಲ. ಅವುಗಳ ಹ್ಯಾಷ್ ಮಾತ್ರ ಇದೆ. ಪ್ರತಿ ಫೈಲಿನ ಮೊದಲ ದಾಖಲೆಯಲ್ಲಿ ಈ ಫಾರ್ಮ್ಯಾಟಿನ ವಿವರಣೆಯನ್ನು ಕುಗ್ಗಿಸದೆ, ಕನ್ನಡದಲ್ಲೇ ಇಟ್ಟಿದ್ದೇನೆ. ನನ್ನ ಪ್ರೋಗ್ರಾಮ್ ಕಳೆದುಹೋದರೂ ಅದನ್ನು ಓದಿ ಇನ್ನೊಬ್ಬರು ಹೊಸದು ಬರೆಯಬಹುದು.

ಅಳಿಸುವುದು ಮಾತ್ರ ಕಷ್ಟದ ಬಾಬತ್ತು. ಒಬ್ಬರು ತಮ್ಮ ಖಾಸಗಿ ಟಿಪ್ಪಣಿ ಕರಡಿನೊಳಗೆ ಸೇರಿದೆ, ಪೂರ್ತಿ ತೆಗೆಯಿರಿ ಎಂದರು. ಪ್ರತಿ ಕಮಿಟ್‌ನಲ್ಲೂ ಹಿಂದಿನದರ ಹ್ಯಾಷ್ ಇರುವುದರಿಂದ ಒಂದನ್ನು ತೆಗೆದರೆ ಅಲ್ಲಿಂದ ಮುಂದಿನ ಎಲ್ಲ ಹೆಸರುಗಳೂ ಬದಲಾಗುತ್ತವೆ. ಹೊಸ ಫೈಲ್ ಬರೆದು ಹಳೆಯ ಪ್ರತಿಗಳನ್ನೆಲ್ಲ ಎಲ್ಲರಿಂದ ವಾಪಸ್ ಪಡೆಯುವುದೊಂದೇ ದಾರಿ. ಹೊಸ ಫೈಲ್ ಬರೆಯುವ ಆಜ್ಞೆ ತಯಾರಿದೆ, ಪೆನ್‌ಡ್ರೈವ್‌ಗಳನ್ನು ಇನ್ನೂ ಒಟ್ಟು ಮಾಡುತ್ತಿದ್ದೇವೆ.