ಅರಸೀಕೆರೆ ನೀರಲ್ಲಿ ಗೀಸರ್ ಉಳಿಸಿಕೊಳ್ಳುವುದು

ನನ್ನ ತವರು ಸಕಲೇಶಪುರದ ಕಡೆ. ಅಲ್ಲಿ ಸೋಪು ಹಚ್ಚಿಕೊಂಡರೆ ಜಾರು ಹೋಗಲು ನಾಲ್ಕು ಚೊಂಬು ನೀರು ಬೇಕು. ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಅದೇ ಸೋಪು ಎಷ್ಟು ಉಜ್ಜಿದರೂ ನೊರೆಯೇ ಇಲ್ಲ. ತೊಗರಿಬೇಳೆ ಐದು ವಿಷಲ್ ಆದರೂ ಕಾಳುಕಾಳಾಗಿಯೇ ಉಳಿಯಿತು. ಅತ್ತೆ ನಕ್ಕುಬಿಟ್ಟರು. "ಅದು ಬೋರ್ ನೀರಮ್ಮ. ಬೇಳೆಗೆ ಕುಡಿಯೋ ನೀರು ಹಾಕು" ಅಂದರು. ಎರಡೂ ಹಾಸನ ಜಿಲ್ಲೆಯ ಊರೇ. ಆದರೆ ಅಲ್ಲಿ ಮಳೆ ಸುರಿದು ಹರಿದು ಬಂದ ನೀರು. ಇಲ್ಲಿ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡ ನೀರು, ಅಂದರೆ ಗಡಸು ನೀರು.

ಬೇಳೆಯ ಪಾಠ ಬೇಗ ಕಲಿತೆ. ಗೀಸರ್ ಪಾಠಕ್ಕೆ ದುಡ್ಡು ಖರ್ಚಾಯಿತು.

ಎರಡು ವರ್ಷದ ಗೀಸರ್ ಒಂದು ದಿನ ಜೋಳ ಹುರಿದ ಹಾಗೆ ಚಟಪಟ ಅನ್ನತೊಡಗಿತು. ಹತ್ತು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಅರ್ಧ ಗಂಟೆ ಬೇಕಾಯಿತು. ಸುಮ್ನೆ ಬಿಟ್ಟೆ. ಒಂದು ತಿಂಗಳಿಗೆ ಕಾಯಿಲ್ ಸುಟ್ಟಿತು. ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಕಾಯಿಲ್ ಮೇಲೆ ಹೆಬ್ಬೆರಳು ದಪ್ಪ ಸುಣ್ಣ. ಟ್ಯಾಂಕಿನ ತಳದಿಂದ ಅರ್ಧ ಬಕೆಟ್ ಹಕ್ಕಳೆ ಬಂತು. "ಅಕ್ಕಾ, ಇದರಲ್ಲಿ ಒಂದು ಗೋಡೆಗೆ ಸುಣ್ಣ ಹೊಡೀಬಹುದು" ಅಂದ.

ಗಡಸು ನೀರು ತಣ್ಣಗಿರುವಾಗ ಅಷ್ಟು ತಂಟೆ ಮಾಡುವುದಿಲ್ಲ. ಕಾಯಿಸಿದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಅದೇ ನಾವು ಸುಣ್ಣ ಅನ್ನುವುದು. ಸುಣ್ಣ ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ಕಾಯಿಲ್‌ನ ಬಿಸಿ ನೀರಿಗೆ ಹೋಗದೆ ಅಲ್ಲೇ ಉಳಿಯುತ್ತದೆ, ಕೊನೆಗೆ ಕಾಯಿಲ್ಲೇ ಸುಡುತ್ತದೆ. ಹಾಗಾಗಿ ಮನೆಯಲ್ಲಿ ನೀರು ಕಾಯಿಸುವ ಸಾಮಾನುಗಳನ್ನು ಮೊದಲು ನೋಡಿಕೊಳ್ಳಿ.

ನೀರು ಎಷ್ಟು ಗಡಸು ಅಂತ ತಿಳಿಯಲು ನಾನು ಮಾಡುವುದು ಇಷ್ಟು. ಎರಡು ಬಾಟಲಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಮಳೆ ನೀರು. ಎರಡಕ್ಕೂ ಒಂದೇ ಅಳತೆಯ ಮೈಸೋಪಿನ ಚೂರು ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಬಾರದೆ ಮೊಸರೊಡೆದ ಹಾಗೆ ಬಿಳಿ ಚೂರು ತೇಲಿದರೆ ಗಡಸು. ಶಾಂಪೂ, ಬಟ್ಟೆ ಪುಡಿ ಹಾಕಬೇಡಿ. ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ಅಂಕಿ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಮಾರಲು ಬರುವವರು ತೋರಿಸುವ ಟಿಡಿಎಸ್ ಮೀಟರ್ ನೀರಿನಲ್ಲಿರುವ ಎಲ್ಲ ಉಪ್ಪನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ.

ಹೊಸ ಗೀಸರಿಗೆ ಮೊದಲ ದಿನವೇ ಥರ್ಮೋಸ್ಟಾಟ್ 55 ಡಿಗ್ರಿಗೆ ಇಳಿಸಿದೆವು. ಹೇಗೂ ಸ್ನಾನಕ್ಕೆ ತಣ್ಣೀರು ಬೆರೆಸುತ್ತೇವೆ, ಅಲ್ವಾ? ಬಿಸಿ ಏರಿದಷ್ಟೂ ಸುಣ್ಣ ಜಾಸ್ತಿ. ವರ್ಷಕ್ಕೊಮ್ಮೆ, ದೀಪಾವಳಿ ಮುಂಚೆ, ಅದೇ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸುತ್ತೇನೆ. ಬರೀ ಸ್ವಿಚ್ ಅಲ್ಲ, ಆ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿಯನ್ನೇ ಇಳಿಸಿ, ನೀರು ಪೂರ್ತಿ ಆರಿದ ಮೇಲೆ ಬಿಚ್ಚುತ್ತಾನೆ. ಇದನ್ನು ನೀವೇ ಮಾಡಲು ಹೋಗಬೇಡಿ. ಕಾಯಿಲ್ಲನ್ನು ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಸಿಡ್‌ನ, ನೀರಲ್ಲಿ ನೆನೆಸಿದರೆ ಸುಣ್ಣ ಮೆತ್ತಗಾಗಿ ಉದುರುತ್ತದೆ. ಸ್ಕ್ರೂಡ್ರೈವರಿನಲ್ಲಿ ಕೆರೆಯಲು ಬಿಡಬೇಡಿ, ಮೇಲಿನ ಪದರ ಹೋಗುತ್ತದೆ. ಒಳಗೆ ಮೆಗ್ನೀಸಿಯಂ ರಾಡ್ ಇದೆಯಾ ಅಂತಲೂ ಕೇಳಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಸವೆದು ತಂತಿಯಾಗಿದ್ದರೆ ಬದಲಿಸಿ.

ನಿಂಬೆ ಉಪ್ಪು ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಕೆಟಲ್ಲಿಗೆ ಒಂದು ಲೀಟರ್ ಬೆಚ್ಚಗಿನ ನೀರು, ಎರಡು ಟೇಬಲ್ ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ಬಿಡಿ. ಗುಳ್ಳೆ ಏಳುವುದು ಕಾಣಿಸುತ್ತದೆ. ಕುದಿಸಬೇಡಿ. ಕುದಿಸಿದರೆ ಕರಗದ ಇನ್ನೊಂದು ಪದರ ಕೂರಬಹುದು. ಚೆಲ್ಲಿ, ಎರಡು ಸಲ ತೊಳೆದರೆ ಒಳಗೆ ಹೊಸದರ ಹಾಗೆ. ಶವರಿನ ತೂತು ಕಟ್ಟಿದರೆ ಇದೇ ನೀರನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಶವರಿಗೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಗಂಟೆ ಬಿಡಿ. ಬಾತ್‌ರೂಮ್ ಆಸಿಡ್ ಬೇಡ, ನಲ್ಲಿಯ ಹೊಳಪನ್ನೇ ತಿಂದುಹಾಕುತ್ತದೆ. ನಿಂಬೆ ಉಪ್ಪಿನ ಜೊತೆ ಬ್ಲೀಚಿಂಗ್ ಪುಡಿಯನ್ನು ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ.

ವಾಷಿಂಗ್ ಮಷೀನಿಗೆ ಎರಡು ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ, ಸುಮಾರು 100 ಗ್ರಾಂ ನಿಂಬೆ ಉಪ್ಪು ಹಾಕಿ ಬಿಸಿ ನೀರಲ್ಲಿ ಓಡಿಸುತ್ತೇನೆ. ಮಷೀನಿನ ಪುಸ್ತಕದಲ್ಲಿ ಬೇಡ ಅಂತಿದ್ದರೆ ಬಿಡಿ. ನೀರಿನ ಪೈಪು ಸೇರುವ ಕಡೆ ಸಣ್ಣ ಜಾಲರಿ ಇರುತ್ತದೆ. ಅದನ್ನು ಹಳೆ ಬ್ರಷ್ಷಿನಲ್ಲಿ ಉಜ್ಜಿ. ನಮ್ಮ ಮಷೀನಿಗೆ ನೀರು ಬರುತ್ತಿಲ್ಲ ಅಂತ ರಿಪೇರಿಗೆ ಕಳಿಸಲು ಹೊರಟಾಗ ತಪ್ಪು ಸಿಕ್ಕಿದ್ದು ಆ ಜಾಲರಿಯಲ್ಲಿ.

ಸೋಲಾರ್ ಹಾಕಿಸುವವರಿಗೆ ಒಂದು ಮಾತು. ತಾಮ್ರದ ಸಣ್ಣ ಕೊಳವೆಯ ಚಪ್ಪಟೆ ಪೆಟ್ಟಿಗೆಯದು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಟ್ಯೂಬಿನದು ವಾಸಿ.

ಪೈಪಿಗೆ ಅಯಸ್ಕಾಂತ ಕಟ್ಟಿದರೆ ನೀರು ಮೆದುವಾಗುತ್ತದೆ ಅಂತ ಒಬ್ಬರು ಮಾರಲು ಬಂದಿದ್ದರು. ನಾನು ನಂಬಲಿಲ್ಲ. ಪಟಿಕ ಕೂಡ ಕೆಸರನ್ನಷ್ಟೇ ಕೂರಿಸುತ್ತದೆ, ಗಡಸನ್ನು ತೆಗೆಯುವುದಿಲ್ಲ. ಇಡೀ ಮನೆಯ ನೀರು ಮೆದುವಾಗಬೇಕು ಅಂದರೆ ರೆಸಿನ್ ಇರುವ ಸಾಫ್ಟ್‌ನರ್ ಬೇಕು. ಅದು ಕ್ಯಾಲ್ಸಿಯಂ ಹಿಡಿದಿಟ್ಟು ಸೋಡಿಯಂ ಬಿಡುತ್ತದೆ. ಆಗಾಗ ಉಪ್ಪು ನೀರಲ್ಲಿ ತೊಳೆಯಬೇಕು. ಹೋದ ವರ್ಷ ನಾವೂ ಹಾಕಿಸಿದೆವು. ತೊಳೆದ ನೀರು ಯಾಕೆ ದಂಡ ಅಂತ ನಮ್ಮ ಮಾವ ಅದನ್ನು ಹಿತ್ತಲ ಕರಿಬೇವಿಗೆ ಬಿಟ್ಟರು. ಮೂರು ವಾರಕ್ಕೆ ಗಿಡ ಒಣಗಿತು. ಈಗ ಆ ಪೈಪು ಮೋರಿಗೆ ಹೋಗುತ್ತದೆ. ಹೊಸ ಕರಿಬೇವಿಗೆ ಮಳೆ ನೀರಿನ ಡ್ರಮ್ಮಿನಿಂದಲೇ ನೀರು, ನನ್ನ ತೊಗರಿಬೇಳೆಗೂ ಅದೇ.